ಬರಿದಾದ ಖಾತೆಯ ಮೇಲೆ ಶುಲ್ಕ

ನಮ್ಮ ಪೇಟೆ ಬೀದಿಯ ವ್ಯಾಪಾರಸ್ಥರ ಬಾಯಲ್ಲಿ ಎರಡು ಮಾತು ದಿನವೂ ಓಡಾಡುತ್ತಿರುತ್ತವೆ. ಒಂದು ಓ.ಡಿ., ಇನ್ನೊಂದು ಸಿ.ಸಿ. ಅಂದರೆ ಓವರ್‌ಡ್ರಾಫ್ಟ್ ಮತ್ತು ಕ್ಯಾಶ್ ಕ್ರೆಡಿಟ್. ಬ್ಯಾಂಕಿನಲ್ಲಿ ಓ.ಡಿ. ಲಿಮಿಟ್ ಇದೆ ಎಂದರೆ ಅಂಗಡಿಯವರಿಗೆ ಅದೊಂದು ಮರ್ಯಾದೆ. ಖಾತೆ ಬರಿದಾಗಿದ್ದರೂ ಅವರ ಚೆಕ್ ಪಾಸಾಗುತ್ತದೆ.

ಈ ಏರ್ಪಾಡಿಗೆ ಹತ್ತಿರ ಹತ್ತಿರ 300 ವರ್ಷ ವಯಸ್ಸು. 1728ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಿಲಿಯಂ ಹಾಗ್ ಎಂಬ ವರ್ತಕನಿದ್ದ. ಸರಕು ಕೊಟ್ಟವರಿಗೆ ಈಗಲೇ ಹಣ ಕೊಡಬೇಕು, ಕೊಂಡವರಿಂದ ಬರುವುದು ಆಮೇಲೆ. ಇದು ಅವನ ತಾಪತ್ರಯ. ಆಗಷ್ಟೇ ಹಿಂದಿನ ವರ್ಷ ಹುಟ್ಟಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಖಾತೆಯಲ್ಲಿ ಇದ್ದುದಕ್ಕಿಂತ 1000 ಪೌಂಡ್ ಹೆಚ್ಚಿಗೆ ತೆಗೆದುಕೊಳ್ಳಲು ಅವನಿಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಅಲ್ಲಿ ಬಿದ್ದ ಹೆಸರೇ ಕ್ಯಾಶ್ ಕ್ರೆಡಿಟ್. ಆ ಹೆಸರು ನಮ್ಮ ಬ್ಯಾಂಕುಗಳಲ್ಲಿ ಇಂದಿಗೂ ಉಳಿದಿದೆ.

ಉಳ್ಳವರ ಅನುಕೂಲಕ್ಕೆಂದು ಹುಟ್ಟಿದ ಈ ಏರ್ಪಾಡು ಅದೇ ಬ್ರಿಟನ್ನಿನಲ್ಲಿ ಇಲ್ಲದವರ ಕೊರಳಿಗೆ ಸುತ್ತಿಕೊಂಡದ್ದು ಹೇಗೆ? ಇವತ್ತು ಆ ಕಥೆ ಹೇಳುತ್ತೇನೆ.

1984ರಲ್ಲಿ ಮಿಡ್‌ಲ್ಯಾಂಡ್ ಬ್ಯಾಂಕ್ ಒಂದು ಹೊಸ ಆಕರ್ಷಣೆ ತಂದಿತು. ಖಾತೆಯಲ್ಲಿ ಹಣವಿರುವ ತನಕ ಚೆಕ್ಕಿಗೂ ಇತರ ಸೇವೆಗೂ ಏನೂ ಶುಲ್ಕವಿಲ್ಲ ಎಂದಿತು. ಉಳಿದ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಜನಕ್ಕೆ ಬ್ಯಾಂಕು ಪುಕ್ಕಟೆಯಾಯಿತು. ಆದರೆ ಶಾಖೆಯ ಬಾಡಿಗೆ, ನೌಕರರ ಸಂಬಳ, ಕಂಪ್ಯೂಟರಿನ ಖರ್ಚು ಯಾರಾದರೂ ಕೊಡಲೇಬೇಕಲ್ಲ. ಒಂದಷ್ಟು ಭಾಗ ಗ್ರಾಹಕರ ಹಣಕ್ಕೆ ಬಡ್ಡಿ ಕೊಡದೆ ಉಳಿಸಿದ್ದರಿಂದ ಬಂತು. ಇನ್ನೊಂದು ದೊಡ್ಡ ಭಾಗ ಬಂದದ್ದು, ಮೊದಲೇ ಮಾತಾಡಿಕೊಳ್ಳದೆ ಖಾತೆ ಸೊನ್ನೆಗಿಂತ ಕೆಳಗಿಳಿದವರ ಜೇಬಿನಿಂದ.

ಸಂಬಳ ಬರುವುದು ಎರಡು ದಿನ ತಡವಾಯಿತೆನ್ನಿ. ಅಷ್ಟರಲ್ಲಿ ವಿದ್ಯುತ್ತಿನ ಬಿಲ್ಲು ಖಾತೆಗೆ ಬಂದು, ಐದು ಪೌಂಡ್ ಕಡಿಮೆ ಬಿದ್ದು ಬೌನ್ಸ್ ಆಯಿತು. ಬ್ಯಾಂಕಿನಿಂದ ಒಂದು ಕಾಗದ, ಜೊತೆಗೆ ಮೂವತ್ತು ಪೌಂಡ್‌ಗೂ ಮೇಲ್ಪಟ್ಟ ಶುಲ್ಕ; ಕೆಲವು ಬ್ಯಾಂಕುಗಳಲ್ಲಿ 39 ಪೌಂಡ್‌ವರೆಗೂ ಇತ್ತು. ಆ ಶುಲ್ಕವನ್ನೂ ಅದೇ ಖಾತೆಯಿಂದ ಕಳೆಯುತ್ತಿದ್ದರು. ಅದರಿಂದ ಖಾತೆ ಇನ್ನೂ ಕೆಳಗಿಳಿದು, ಮುಂದಿನ ಕಂತೂ ಬೌನ್ಸ್ ಆಗಿ, ಮತ್ತೊಂದು ಶುಲ್ಕ.

2006ರ ಏಪ್ರಿಲ್‌ನಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್, ಕ್ರೆಡಿಟ್ ಕಾರ್ಡಿನ ಕಂತು ತಪ್ಪಿದ್ದಕ್ಕೆ 12 ಪೌಂಡ್ ಮೀರಿದ ದಂಡವನ್ನು ಅನ್ಯಾಯವೆಂದೇ ಭಾವಿಸುವುದಾಗಿ ಹೇಳಿತು. ಹಾಗಾದರೆ ಓವರ್‌ಡ್ರಾಫ್ಟಿಗೆ ಮಾತ್ರ ಮೂವತ್ತು, ನಲವತ್ತು ಏಕೆ ಎಂದು ಜನ ಎದ್ದು ನಿಂತರು. ಹತ್ತು ಪೌಂಡ್ ಕಟ್ಟಿ ಹಿಂದಿನ ಆರು ವರ್ಷದ ಲೆಕ್ಕ ತರಿಸಿಕೊಂಡರು, ಶುಲ್ಕಗಳನ್ನು ಒಂದೊಂದಾಗಿ ಗುರುತು ಹಾಕಿ ಕೂಡಿದರು, ಕೆಳಗಿನ ಕೋರ್ಟಿನಲ್ಲಿ ವಕೀಲರಿಲ್ಲದೆ ತಾವೇ ದಾವೆ ಹಾಕಿದರು. ಸಾವಿರಾರು ದಾವೆಗಳು. ಹೆಚ್ಚಿನವುಗಳಲ್ಲಿ ಬ್ಯಾಂಕುಗಳು ವಿಚಾರಣೆಯ ದಿನ ಬರುವ ಮೊದಲೇ ಹಣ ಹಿಂದಿರುಗಿಸಿಬಿಟ್ಟವು. ಅಡುಗೆಮನೆಯ ಮೇಜಿನ ಮೇಲೆ ಪೆನ್ನು ಹಿಡಿದು ಕೂತು ತಮ್ಮ ಲೆಕ್ಕ ತಾವೇ ಮಾಡಿದ ಆ ಜನರ ಬಗ್ಗೆ ನನಗೆ ಬಹಳ ಗೌರವ.

2007ರ ಮಾರ್ಚ್‌ನಲ್ಲಿ ಫೇರ್ ಟ್ರೇಡಿಂಗ್ ಕಚೇರಿ ವಿಧಿವತ್ತಾಗಿ ತನಿಖೆ ಶುರು ಮಾಡಿತು. ಜುಲೈನಲ್ಲಿ ಏಳು ಬ್ಯಾಂಕುಗಳೂ ನೇಷನ್‌ವೈಡ್ ಎಂಬ ಗೃಹಸಾಲ ಸಂಘವೂ ಆ ಕಚೇರಿಯೂ ಸೇರಿ, ಎಲ್ಲಕ್ಕೂ ಅನ್ವಯವಾಗುವ ಒಂದೇ ಮೊಕದ್ದಮೆ ನಡೆಸೋಣವೆಂದು ಒಪ್ಪಿಕೊಂಡವು. ಅದು ಮುಗಿಯುವ ತನಕ ಜನರ ದೂರುಗಳನ್ನು ಬದಿಗಿಡಲು ಬ್ಯಾಂಕುಗಳಿಗೆ ಅನುಮತಿ ಸಿಕ್ಕಿತು. ಕಾಯುವ ಕೆಲಸ ಜನರದಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಕರಾರು ಮುರಿದವರ ಮೇಲೆ, ಆದ ನಷ್ಟಕ್ಕೂ ತನಗೂ ಸಂಬಂಧವೇ ಇಲ್ಲದಂಥ ದಂಡ ಹೇರಿದರೆ ಅದು ನಿಲ್ಲುತ್ತಿರಲಿಲ್ಲ. ಆದರೆ ಬ್ಯಾಂಕುಗಳ ಕರಾರಿನ ಪ್ರಕಾರ, ಹಣವಿಲ್ಲದೆ ಚೆಕ್ ಕೊಟ್ಟರೆ ಅದು ಕರಾರು ಮುರಿದಂತೆ ಅಲ್ಲ. ಓವರ್‌ಡ್ರಾಫ್ಟ್ ಕೊಡಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದಂತೆ! ಆ ಅರ್ಜಿ ಪರಿಶೀಲಿಸಿದ್ದಕ್ಕೆ ಶುಲ್ಕ. ಮುರಿದದ್ದೇ ಇಲ್ಲವೆಂದ ಮೇಲೆ ದಂಡದ ಮಾತೆಲ್ಲಿ? 2008ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಆಂಡ್ರ್ಯೂ ಸ್ಮಿತ್ ಈ ವಾದವನ್ನು ಬಹುಮಟ್ಟಿಗೆ ಒಪ್ಪಿದರು. ಆದರೆ ಗ್ರಾಹಕ ಕರಾರುಗಳ 1999ರ ನಿಯಮಗಳಡಿ ಈ ಶುಲ್ಕ ನ್ಯಾಯವೋ ಅಲ್ಲವೋ ಎಂದು ಫೇರ್ ಟ್ರೇಡಿಂಗ್ ಕಚೇರಿ ಪರೀಕ್ಷಿಸಬಹುದು ಎಂದರು. 2009ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಹಾಗೆಯೇ ಹೇಳಿತು.

ಅದೇ ವರ್ಷ ನವೆಂಬರ್ 25. ಅಕ್ಟೋಬರ್‌ನಲ್ಲಷ್ಟೇ ಬಾಗಿಲು ತೆರೆದಿದ್ದ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿದರು. ಸ್ಪಷ್ಟ ಭಾಷೆಯಲ್ಲಿ ಬರೆದ ಬೆಲೆ, ಸಿಗುವ ಸೇವೆಗೆ ತಕ್ಕದ್ದೇ ಎಂದು ಆ ನಿಯಮಗಳಡಿ ಅಳೆಯುವಂತಿಲ್ಲ. ಈ ಶುಲ್ಕವೂ ಖಾತೆಯ ಒಟ್ಟು ಸೇವೆಗೆ ಕೊಡುವ ಬೆಲೆಯ ಭಾಗವೇ. ಬ್ಯಾಂಕುಗಳಿಗೆ ಜನರ ಚಾಲ್ತಿ ಖಾತೆಗಳಿಂದ ಬರುವ ಆದಾಯದಲ್ಲಿ ಶೇಕಡಾ 30ಕ್ಕೂ ಹೆಚ್ಚು ಈ ಶುಲ್ಕದ್ದೇ ಆಗಿತ್ತು. ಅಷ್ಟು ದೊಡ್ಡ ಪಾಲನ್ನು ಬೆಲೆಯಲ್ಲ ಎನ್ನುವುದು ಹೇಗೆ?

ಶುಲ್ಕ ನ್ಯಾಯವೆಂದು ಆ ನ್ಯಾಯಮೂರ್ತಿಗಳು ಹೇಳಲಿಲ್ಲ. ಆ ಪ್ರಶ್ನೆಯನ್ನು ಈ ರೀತಿ ಕೇಳಲು ಬರುವುದಿಲ್ಲ ಎಂದರು ಅಷ್ಟೆ. ಕಾನೂನಿನ ಅಕ್ಷರ ಹಿಡಿದು ನೋಡಿದರೆ ತೀರ್ಪನ್ನು ತಪ್ಪೆನ್ನುವುದು ಕಷ್ಟ. ಆದರೆ ನನ್ನ ಮನಸ್ಸು ಒಪ್ಪದಿರುವುದು ಇಲ್ಲಿ: ಎಲ್ಲರಿಗೂ ಸಿಗುವ ಸೇವೆಯ ಬೆಲೆಯನ್ನು ಖಾತೆ ಬರಿದಾದವರೇ ತೆರುತ್ತಿದ್ದರು. ಅದು ಬೆಲೆಯೇ ಎಂದು ಕೋರ್ಟು ಹೇಳಿದಾಗ, ಕೊಡುತ್ತಿದ್ದವರು ಯಾರು ಎಂಬುದೂ ಬೆಳಕಿಗೆ ಬಂತು. ಆ ಡಿಸೆಂಬರ್‌ನಲ್ಲಿ ಫೇರ್ ಟ್ರೇಡಿಂಗ್ ಕಚೇರಿ ತನಿಖೆಯನ್ನು ಕೈಬಿಟ್ಟಿತು. ಬದಿಗಿಟ್ಟಿದ್ದ ದೂರುಗಳಲ್ಲಿ ಬಹುಪಾಲು ಅಲ್ಲಿಗೇ ಮುಗಿದವು.

ಕೋರ್ಟಿನಲ್ಲಿ ಮುಚ್ಚಿದ ಬಾಗಿಲು ನಿಯಮ ರೂಪಿಸುವವರ ಕೈಯಲ್ಲಿ ತೆರೆಯಲು ಹತ್ತು ವರ್ಷ ಹಿಡಿಯಿತು. ಅಲ್ಲಿನ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿ ಲೆಕ್ಕ ತೆಗೆದು ನೋಡಿದಾಗ, 2016ರಲ್ಲಿ ಇಂಥ ಓವರ್‌ಡ್ರಾಫ್ಟ್ ಶುಲ್ಕದ ಅರ್ಧಕ್ಕೂ ಹೆಚ್ಚು ಭಾಗ ಬಂದದ್ದು ಬರೀ ಶೇಕಡಾ 1.5ರಷ್ಟು ಗ್ರಾಹಕರಿಂದ. 2020ರ ಏಪ್ರಿಲ್‌ನಿಂದ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ನಿಗದಿ ಶುಲ್ಕವನ್ನು ಅದು ನಿಷೇಧಿಸಿತು. ವಸೂಲಿ ಬಡ್ಡಿಯಾಗಿಯೇ ಇರಬೇಕು. ಕೇಳದೆ ಮೀರಿದವರಿಗೂ ಕೇಳಿ ಪಡೆದವರಿಗಿಂತ ಹೆಚ್ಚು ದರ ಹಾಕುವಂತಿಲ್ಲ. ದಿನಕ್ಕೆ ಐದು ಪೌಂಡ್ ಬೀಳುತ್ತಿದ್ದ ಕಡೆ, 100 ಪೌಂಡ್ ಸಾಲಕ್ಕೆ 20 ಪೆನ್ಸ್‌ಗಿಂತ ಕಡಿಮೆ ಎಂಬುದು ಆ ಸಂಸ್ಥೆಯ ಅಂದಾಜು. ಹಲವು ಬ್ಯಾಂಕುಗಳು ಬಡ್ಡಿಯನ್ನು ಶೇಕಡಾ 40ರ ಹತ್ತಿರಕ್ಕೆ ಏರಿಸಿದವು, ನಿಜ. ಅನುಮತಿ ಪಡೆದು ಓವರ್‌ಡ್ರಾಫ್ಟ್ ಬಳಸುತ್ತಿದ್ದ ಎಷ್ಟೋ ಜನರಿಗೆ ಅದು ದುಬಾರಿಯಾಯಿತು. ಆದರೂ ಹೊರೆ ಒಂದೇ ಹೆಗಲ ಮೇಲಿಂದ ಸ್ವಲ್ಪ ಜರುಗಿತು.

ನಮ್ಮ ಉಳಿತಾಯ ಖಾತೆಗಳಲ್ಲಿ ಇದರ ದಾಯಾದಿಯೊಂದಿದೆ: ಕನಿಷ್ಠ ಮೊತ್ತ ಇಡದಿದ್ದರೆ ಬೀಳುವ ಶುಲ್ಕ. ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿ, 2015ರ ಏಪ್ರಿಲ್‌ನಿಂದ ಜಾರಿಗೆ ತಂದ ಸುತ್ತೋಲೆಯ ಪ್ರಕಾರ ಬ್ಯಾಂಕು ಮೊದಲು ಗ್ರಾಹಕರಿಗೆ ತಿಳಿಸಬೇಕು. ಎಷ್ಟು ಕಡಿಮೆ ಬಿದ್ದಿದೆಯೋ ಅದಕ್ಕೆ ತಕ್ಕಷ್ಟೇ ಶುಲ್ಕ ಹಾಕಬೇಕು. ಈ ಶುಲ್ಕದ ಕಾರಣದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಕೂಡದು. ನಿಮ್ಮ ಪಾಸ್‌ಬುಕ್ಕಿನಲ್ಲಿ ಹಾಗೆ ಮೈನಸ್ ಗುರುತು ಬಿದ್ದಿದ್ದರೆ, ಪುಸ್ತಕವನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಆ ಸುತ್ತೋಲೆಯ ಹೆಸರು ಹೇಳಿ ಕೇಳಿ.