ವ್ಯಸನಪೀಡಿತರ ಆರೈಕೆ ಮತ್ತು ನಮ್ಮ ಧರ್ಮಕೇಂದ್ರ

(ಶತಮಾನೋತ್ಸವ ಸಮಾರಂಭದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಇಂತಹ ಸಮಾರಂಭದಲ್ಲಿ ದೇವಾಲಯದ ಕಟ್ಟಡವನ್ನೂ ಗತಿಸಿದ ಗುರುಗಳನ್ನೂ ಸ್ಮರಿಸುವುದು ವಾಡಿಕೆ. ಆ ಕೆಲಸವನ್ನು ಇತರರು ಚೆನ್ನಾಗಿ ಮಾಡಿದ್ದಾರೆ. ನಾವಾದರೋ ಬೆಂಗಳೂರಿನ ವೈದ್ಯೆಯೊಬ್ಬರ ಕಾರ್ಯವನ್ನು ನಿಮ್ಮ ಮುಂದಿಡಬಯಸುತ್ತೇವೆ. ನಮ್ಮ ಅನೇಕ ಮನೆಗಳಲ್ಲಿ ಮುಚ್ಚಿಟ್ಟಿರುವ ದುಃಖವೊಂದಕ್ಕೆ, ಅಂದರೆ ಕುಡಿತಕ್ಕೆ, ಆ ಕಾರ್ಯ ಸಂಬಂಧಪಟ್ಟಿದೆ.

ಡಾ. ಪ್ರತಿಮಾ ಮೂರ್ತಿಯವರು ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿ, ವ್ಯಸನ ಚಿಕಿತ್ಸಾ ಕೇಂದ್ರದ ಮುಖ್ಯಸ್ಥೆಯಾಗಿ ದುಡಿದು, 2021ರಲ್ಲಿ ಆ ಸಂಸ್ಥೆಯ ನಿರ್ದೇಶಕಿಯಾದರು. ಮಾನಸಿಕ ಆರೋಗ್ಯ ಆರೈಕೆ ಮತ್ತು ಮಾನವ ಹಕ್ಕುಗಳನ್ನು ಕುರಿತು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2008ರಲ್ಲಿ ಪ್ರಕಟಿಸಿದ ಗ್ರಂಥದ ಇಬ್ಬರು ಸಂಪಾದಕರಲ್ಲಿ ಅವರೊಬ್ಬರು. ಪದವಿಗಳ ಪಟ್ಟಿ ಇಷ್ಟು ಸಾಕು.

ನಮಗೆ ಮುಖ್ಯವೆನಿಸುವುದು ಅವರ ದೃಷ್ಟಿ ಎತ್ತ ಹರಿಯಿತು ಎಂಬುದು. 2002ರಲ್ಲಿ ಅವರು ಕೇಂದ್ರ ಸರ್ಕಾರಕ್ಕೂ ವಿಶ್ವಸಂಸ್ಥೆಗೂ ಬರೆದುಕೊಟ್ಟ ವರದಿಯ ವಿಷಯ ಹೆಂಗಸರು ಮತ್ತು ಮಾದಕ ವ್ಯಸನ. ವ್ಯಸನಿಯ ಮನೆಯಲ್ಲಿರುವ ಹೆಂಗಸು ಹೊರುವ ಭಾರವನ್ನು ಅಲ್ಲಿ ಪರಿಶೀಲಿಸಲಾಗಿದೆ. ಆ ಭಾರವನ್ನು ನಾವು ಅರಿಯೆವೇ? ಶುಂಠಿ ಮಾರಿದ ಹಣ ಮನೆಗೆ ಬರುವ ಮುನ್ನವೇ ಕರಗಿರುತ್ತದೆ. ಭಾನುವಾರ ಬಲಿಪೂಜೆಗೆ ಒಬ್ಬಳೇ ಬಂದವಳು, ನಾವು ಕೇಳುವ ಮೊದಲೇ, “ಅವರಿಗೆ ಮೈಗೆ ಹುಷಾರಿಲ್ಲ, ಸ್ವಾಮಿ” ಎಂದು ತಲೆ ತಗ್ಗಿಸುತ್ತಾಳೆ. ಅವಳ ಮಾತು ಒಂದರ್ಥದಲ್ಲಿ ಸತ್ಯವೇ ಆಗಿದೆ, ಅವನಿಗೆ ಹುಷಾರಿಲ್ಲ.

ಕುಡುಕತನ ಪಾಪವೆಂದು ಧರ್ಮಸಭೆ ಬೋಧಿಸಿದೆ. ಆ ಬೋಧನೆಯಿಂದ ನಾವು ಎಳ್ಳಷ್ಟೂ ಸರಿಯುವುದಿಲ್ಲ. ಆದರೆ ವರ್ಷಗಟ್ಟಲೆ ಕುಡಿದ ಶರೀರ ರೋಗಕ್ಕೂ ಗುರಿಯಾಗಿರುತ್ತದೆ. ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಿದರೆ ಬಿಟ್ಟುಬಿಡುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಗೆ ಥಟ್ಟನೆ ನಿಲ್ಲಿಸಿದವನಿಗೆ ಕೈನಡುಕ, ಬೆವರು, ಕೆಲವೊಮ್ಮೆ ಫಿಟ್ಸ್, ಎರಡು ಮೂರು ದಿನಗಳಲ್ಲಿ ಇಲ್ಲದ್ದನ್ನು ಕಾಣುವ ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ತಪಸ್ಸುಕಾಲದ ವ್ರತ ಹಿಡಿಯುವ ಮುನ್ನ ಅಂಥವನನ್ನು ಮಡಿಕೇರಿಯ ಜಿಲ್ಲಾಸ್ಪತ್ರೆಯ ವೈದ್ಯರ ಬಳಿಗೆ ಕರೆದೊಯ್ಯಿರಿ. ಬೆಳಗಿನ ಬಸ್ಸು ಹಿಡಿಯುವುದು ಅವಮಾನವಲ್ಲ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನದ ತೊಂದರೆಯಿದ್ದ ನೂರು ಮಂದಿಯಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಇನ್ನು ಆಸ್ಪತ್ರೆಯಿಂದ ಮರಳಿದವನ ಮಾತು. ಬೆಂಗಳೂರಿನ ಬಡವರ ಬಡಾವಣೆಯೊಂದರ ವ್ಯಸನಿಗಳ ಕುರಿತು ಡಾ. ಮೂರ್ತಿಯವರೂ ಸಹೋದ್ಯೋಗಿಗಳೂ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯ ಚಿಕಿತ್ಸೆ ಮುಗಿದ ಮೇಲೆ ಅವರ ವಾಸಸ್ಥಳದ ಬಳಿಯೇ ವಾರಕ್ಕೊಮ್ಮೆ ಭೇಟಿ ಏರ್ಪಡಿಸಲಾಗಿತ್ತು. ಅಂತಹ ಆರೈಕೆಯಿಲ್ಲದವರಿಗಿಂತ ಇವರ ಸ್ಥಿತಿ ಉತ್ತಮವಾಗಿ ಕಂಡುಬಂದಿತು. ವಾರಕ್ಕೊಮ್ಮೆ, ಮನೆಯ ಹತ್ತಿರ! ಇದನ್ನು ಓದಿದಾಗ ನಮಗೆ ಧರ್ಮಕೇಂದ್ರವೇ ನೆನಪಾಯಿತು. ಆಸ್ಪತ್ರೆ ಕೆಲವು ವಾರ ಇಟ್ಟುಕೊಂಡೀತು. ಉಳಿದ ವರ್ಷಗಳು ನಮ್ಮ ಪಾಲಿನವು.

ಪ್ರಭು ಯೇಸು ಕಾನಾ ಊರಿನಲ್ಲಿ ನೀರನ್ನು ದ್ರಾಕ್ಷಾರಸವಾಗಿಸಲಿಲ್ಲವೇ ಎಂದು ನಮ್ಮನ್ನು ಕೇಳುವವರುಂಟು, ಅದೂ ಮದುವೆಯ ಚಪ್ಪರದಲ್ಲಿಯೇ. ಅಂಥವರು ಆ ಮದುವೆಯಲ್ಲಿ ಮಾತೆ ಮರಿಯಳನ್ನೂ ನೋಡಲಿ. ಆ ಮನೆಯವರ ಕೊರತೆಯನ್ನು ಕಂಡು, ಮಗನಿಗೆ ಮೆಲ್ಲನೆ ತಿಳಿಸಿದವಳು ಆಕೆ.

ಧರ್ಮಸಭೆಗೆ ಈ ಸೇವೆ ಹೊಸದಲ್ಲ. 1939ರಲ್ಲಿ ಅಮೆರಿಕದ ಆಕ್ರನ್ ನಗರದ ಸಂತ ತೋಮಸರ ಆಸ್ಪತ್ರೆಯಲ್ಲಿ ಇಗ್ನೇಷಿಯಾ ಎಂಬ ಧರ್ಮಭಗಿನಿ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸ್ಥಾಪಕರಲ್ಲೊಬ್ಬರಾದ ಡಾ. ಬಾಬ್ ಅವರೊಡಗೂಡಿ, ಕುಡುಕರನ್ನು ಇತರ ರೋಗಿಗಳಂತೆಯೇ ಹಾಸಿಗೆ ಕೊಟ್ಟು ಉಪಚರಿಸಿದರು. ಆ ಕಾಲದಲ್ಲಿ ಅಂಥವರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದವು.

ಆದ್ದರಿಂದ ನಮ್ಮ ಬೇಡಿಕೆ ಇದು. ಬರುವ ತಿಂಗಳಿನಿಂದ ಪ್ರತಿ ಗುರುವಾರ ಸಂಜೆ ದೇವಾಲಯದ ಹಿಂಬದಿಯ ಕೋಣೆ ತೆರೆದಿರುತ್ತದೆ. ಕುಡಿತ ಬಿಡಬಯಸುವವರು, ಬಿಟ್ಟವರು, ಅವರ ಮನೆಯವರು, ಯಾವ ಮತದವರಾದರೂ ಬರಲಿ. ಅಲ್ಲಿ ಉಪದೇಶ ಇರುವುದಿಲ್ಲ, ಚಹಾ ಇರುತ್ತದೆ. ಬರಲು ನಾಚುವವರು 14416ಕ್ಕೆ ಕರೆಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಈ ಸರ್ಕಾರಿ ಸೇವೆಗೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಕೋಣೆಯಲ್ಲಿ ಕೂರಲು ಮೂವರು ಹಿರಿಯರೂ ಇಬ್ಬರು ತಾಯಂದಿರೂ ಬೇಕಾಗಿದ್ದಾರೆ. ಕೇಳಿದ್ದನ್ನು ಹೊರಗೆ ಆಡದವರು ಮಾತ್ರ ಬಲಿಪೂಜೆಯ ನಂತರ ನಮಗೆ ಹೆಸರು ಕೊಡಿ.