ಕೊಡುವವರು ಮೊದಲು ಕೇಳುವುದಿಲ್ಲ



ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಇ-ಮೇಲ್ ಬರುತ್ತದೆ: ನಿಮಗೆ ವಿದೇಶದಿಂದ ಕೋಟಿಗಟ್ಟಲೆ ಹಣ ಬಂದಿದೆ, ಬಿಡುಗಡೆಗೆ ತೆರಿಗೆ ಕಟ್ಟಿ. ಗವರ್ನರ್ ಸಹಿ, ಲಾಂಛನ ಎಲ್ಲವೂ ಇರುತ್ತವೆ. ಇಂಥ ಪತ್ರ ತಾನು ಬರೆಯುವುದಿಲ್ಲವೆಂದು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಪ್ರಕಟಣೆ ನೀಡಿದೆ.

ನಾನು ಇಲಾಖೆಯಲ್ಲಿದ್ದಾಗ ಗುತ್ತಿಗೆದಾರರ ತೆರಿಗೆ, ಭದ್ರತಾ ಠೇವಣಿ ಎಲ್ಲವನ್ನೂ ಬಿಲ್ಲಿನಲ್ಲೇ ಮುರಿದುಕೊಂಡು ಉಳಿದದ್ದಕ್ಕೆ ಚೆಕ್ಕು ಕೊಡುತ್ತಿದ್ದೆವು. ‘ಮೊದಲು ತೆರಿಗೆ ತಂದುಕೊಡಿ, ಆಮೇಲೆ ಚೆಕ್ಕು’ ಎಂದು ಯಾರೂ ಹೇಳುತ್ತಿರಲಿಲ್ಲ. ಲಾಟರಿಗೂ ಅಷ್ಟೇ. ನಮ್ಮಲ್ಲಿ 10,000 ರೂಪಾಯಿ ಮೀರಿದ ಬಹುಮಾನಕ್ಕೆ ಶೇ. 30ರ ತೆರಿಗೆಯನ್ನು ಕೊಡುವವರೇ ಮುರಿದುಕೊಳ್ಳಬೇಕು. ವಿದೇಶಿ ಲಾಟರಿಗೆ ಇಲ್ಲಿಂದ ಹಣ ಕಳಿಸುವುದಂತೂ ಫೆಮಾ ಕಾಯ್ದೆಯಡಿ ನಿಷಿದ್ಧ.

ಕಾಗುಣಿತದ ತಪ್ಪು ನೋಡಿ ಕಂಡುಹಿಡಿಯಿರಿ ಎನ್ನುತ್ತಾರೆ. ಈಗ ಅದನ್ನು ನೆಚ್ಚಬೇಡಿ, ಯಂತ್ರವೇ ತಿದ್ದಿಕೊಡುತ್ತದೆ. ಕಳಿಸಿದವರ ಹೆಸರನ್ನು ಒತ್ತಿ ಅದರ ಹಿಂದಿನ ವಿಳಾಸ ನೋಡಿ. ಹೆಸರು ಬ್ಯಾಂಕಿನದು, ವಿಳಾಸ ಜಿಮೇಲ್‌ನದು!

ಆಸೆಬುರುಕರಷ್ಟೇ ಮೋಸಹೋಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಗಳ ಮದುವೆ, ಆಸ್ಪತ್ರೆಯ ಖರ್ಚು ಎದುರಿಗಿದ್ದಾಗ ಮನಸ್ಸು ನಂಬಲು ಕಾರಣ ಹುಡುಕುತ್ತದೆ. ಮೊದಲ ‘ಶುಲ್ಕ’ ಮುಳುಗಬಾರದೆಂದು ಎರಡನೆಯದು, ಆಮೇಲೆ ಮೂರನೆಯದು. ಮನೆಯವರು ಹೀಯಾಳಿಸುತ್ತಾರೆಂಬ ಅಂಜಿಕೆಯಿಂದ ಮುಚ್ಚಿಡುತ್ತಾರೆ. ಹಾಗಾಗಲು ಬಿಡಬೇಡಿ. ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿಸಿ. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮೊದಲು ತಡೆಹಿಡಿಯಬೇಕಾದರೆ ಗಂಟೆ ಗಂಟೆಗೂ ಬೆಲೆಯಿದೆ. ಬೈಯುವುದಿದ್ದರೆ ಆಮೇಲೆ ಬೈಯಿರಿ.