ಗಣಕದ ದುಭಾಷಿಯನ್ನು ನಾವೇ ಕಟ್ಟಿದ ಬಗೆ

(ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ಸಂಘದ ಕೋಣೆಯ ಹಳೆಯ ಗಣಕಯಂತ್ರದ ಮುಂದೆ ನಾವು ಎರಡು ರಾತ್ರಿ ಕುಳಿತು ಮಾಡಿದ್ದೇನು, ಅದಕ್ಕೆ ಸಂಘದ ಕರೆಂಟು ಏಕೆ ಸುಡಬೇಕಿತ್ತು ಎಂದು ಕಳೆದ ಸಭೆಯಲ್ಲಿ ಕೆಲವರು ಕೇಳಿದರು. ಕೇಳತಕ್ಕ ಮಾತೇ. ಸಂಘದ ಹಣ ಮಾಣಿಗಳ, ಕ್ಲೀನರುಗಳ ವರ್ಗಣಿಯಿಂದ ಬಂದದ್ದು. ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ.

ಗಣಕಕ್ಕೆ ತಿಳಿಯುವುದು ಅದರ ಅಂಕಿಯ ಆಜ್ಞೆಗಳು ಮಾತ್ರ. ನಮ್ಮ ಹುಡುಗರು ಕಲಿಯುತ್ತಿರುವ ಪೈಥಾನ್ ಭಾಷೆ ಅದಕ್ಕೆ ನೇರವಾಗಿ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕು. ಬರೆದುದನ್ನು ಓದಿ, ಸಣ್ಣ ಸಣ್ಣ ಆಜ್ಞೆಗಳಾಗಿ ಮಾರ್ಪಡಿಸಿ, ಒಂದೊಂದಾಗಿ ನಡೆಸುವುದು ಅವನ ಕೆಲಸ. ಹಾಲೆಂಡಿನ ಗೈಡೋ ವಾನ್ ರೋಸಮ್ ಎಂಬವರು 1989ರ ಕ್ರಿಸ್ಮಸ್ ರಜೆಯಲ್ಲಿ ಇದನ್ನು ಬರೆಯತೊಡಗಿ 1991ರ ಫೆಬ್ರವರಿಯಲ್ಲಿ ಲೋಕಕ್ಕೆ ಕೊಟ್ಟರು. ಹೆಸರು ಹೆಬ್ಬಾವಿನದಲ್ಲ, ಬಿಬಿಸಿಯ ಒಂದು ಹಾಸ್ಯ ಕಾರ್ಯಕ್ರಮದ್ದು! ಈ ದುಭಾಷಿಯ ಮೂಲಪಾಠ ಸಿ ಭಾಷೆಯಲ್ಲಿದೆ. ಯಾರೂ ಓದಬಹುದು, ತಿದ್ದಬಹುದು, ಕಾಸು ಕೊಡಬೇಕಿಲ್ಲ.

ನಮ್ಮ ಯಂತ್ರದಲ್ಲಿದ್ದುದು 3.8ನೆಯ ಆವೃತ್ತಿ. ಹುಡುಗರ ಪುಸ್ತಕದಲ್ಲಿರುವ 'ಮ್ಯಾಚ್' ಎಂಬ ರಚನೆ ಬಂದದ್ದು 2021ರ 3.10ರಲ್ಲಿ. ಪಾಠ ಅಲ್ಲಿಗೇ ನಿಂತಿತು. ವಿಚಾರಿಸಲು ಹೋದಾಗ ಅಂಗಡಿಯವರೊಬ್ಬರು ಯಂತ್ರವನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಿರೆಂದರು. ಬೇಕಾದದ್ದು ಹೊಸ ದುಭಾಷಿ, ಹೊಸ ಯಂತ್ರವಲ್ಲ. ಸಿದ್ಧಪಡಿಸಿದ್ದು ಸಿಗುವಲ್ಲಿ ಅದನ್ನೇ ಹಾಕಿಕೊಳ್ಳುವುದು ಸುಲಭ, ಅದರಲ್ಲಿ ಸಣ್ಣತನವೇನೂ ಇಲ್ಲ. ಆದರೆ ಒಳಗೇನಿದೆ ಎಂದು ಹುಡುಗರು ಒಮ್ಮೆ ನೋಡಲಿ ಎಂದು ನಾವು ಮೂಲದಿಂದಲೇ ಕಟ್ಟಿದೆವು.

ಮೊದಲು ಸಾಮಾನು ಜೋಡಿಸಬೇಕು. ಸಿ ಭಾಷೆಯನ್ನು ಯಂತ್ರದ ಆಜ್ಞೆಗಳಾಗಿ ಮಾಡಲು ಜಿಸಿಸಿ ಇದೆ. ಇದು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದದ್ದು, ಇದಕ್ಕೂ ಬೆಲೆಯಿಲ್ಲ. ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಲಿಬ್‌ಎಫ್‌ಎಫ್‌ಐ, ಎಸ್‌ಕ್ಯೂಲೈಟ್ ಇವುಗಳ ಕಟ್ಟುವಿಕೆಗೆ ಬೇಕಾದ ಕಡತಗಳನ್ನೂ ಮೊದಲೇ ತರಿಸಿಕೊಳ್ಳಬೇಕು. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಮೋಸವಿರುವುದು ಅಲ್ಲಿಯೇ! ಕಟ್ಟಿ ಮುಗಿದಾಗ ಇಂತಿಂಥ ಭಾಗ ಆಗಲಿಲ್ಲವೆಂದು ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ. ಓದದೆ ಬಿಟ್ಟವರಿಗೆ ಓಪನ್‌ಎಸ್‌ಎಸ್‌ಎಲ್ ಇಲ್ಲದ ದುಭಾಷಿ ಸಿಗುತ್ತಾನೆ, ಅವನಿಂದ ಮುಂದೆ ಒಂದು ಉಪಕರಣವನ್ನೂ ಅಂತರ್ಜಾಲದಿಂದ ತರಿಸಲಾಗದು.

ಬಳಿಕ 'ಕಾನ್ಫಿಗರ್'. ಇದು ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ತಪಾಸಣೆ ಮಾಡಿ ಕಟ್ಟುವ ಕ್ರಮವನ್ನು ಬರೆದಿಡುತ್ತದೆ. ಆಮೇಲೆ 'ಮೇಕ್'. ನಮ್ಮದು ಎರಡೇ ಗಿರಣಿಯ ಯಂತ್ರ, ಅರ್ಧ ಗಂಟೆ ಹಿಡಿಯಿತು. ಪರದೆಯ ಮೇಲೆ ಸಾಲು ಸಾಲು ಓಡುವುದನ್ನು ಹುಡುಗರು ಕಣ್ಣು ಮಿಟುಕಿಸದೆ ನೋಡಿದರು. 'ಮೇಕ್ ಟೆಸ್ಟ್' ಇನ್ನೂ ಹೊತ್ತು ತೆಗೆದುಕೊಂಡಿತು. ಎರಡನೆಯ ರಾತ್ರಿ ಹೋದದ್ದು ಅದಕ್ಕೇ.

ಕೊನೆಯ ಹೆಜ್ಜೆಯಲ್ಲಿ 'ಮೇಕ್ ಇನ್‌ಸ್ಟಾಲ್' ಎನ್ನದೆ 'ಮೇಕ್ ಆಲ್ಟ್‌ಇನ್‌ಸ್ಟಾಲ್' ಎನ್ನಬೇಕು. ಯಂತ್ರದ ಲಿನಕ್ಸ್ ತನ್ನದೇ ಕೆಲವು ಕೆಲಸಗಳಿಗೆ ಹಳೆಯ ಪೈಥಾನನ್ನು ನಂಬಿಕೊಂಡಿದೆ. ಗಿರಾಕಿ ಕುಳಿತಿರುವಾಗ ಉರಿಯುವ ಒಲೆ ಕಿತ್ತು ಹೊಸದು ಹೂಡುವ ಭಟ್ಟರುಂಟೇ? ಹಳೆಯದು ಹಾಗೆಯೇ ಇದೆ; ಹೊಸದನ್ನು ಅದರ ಆವೃತ್ತಿಯ ಅಂಕಿ ಸೇರಿಸಿ ಕರೆಯಬೇಕು.

ಇದರಿಂದ ಸಂಘಕ್ಕೇನು? ನಮ್ಮಲ್ಲಿ ಬಹಳ ಮಂದಿ ಬೆಳಿಗ್ಗೆ 5ಕ್ಕೆ ಅಡುಗೆಮನೆ ಹೊಕ್ಕು ರಾತ್ರಿ ಹೊರಬರುವವರು. ಎಷ್ಟು ಗಂಟೆ ದುಡಿದರೆಂಬುದು ಗಲ್ಲೆಯ ಹಿಂದಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಈಗ ಹುಡುಗರು ಬರೆಯುತ್ತಿರುವುದು ಅದರ ಇನ್ನೊಂದು ಪ್ರತಿಯನ್ನು. ದಿನದ ಗಂಟೆ, ಮೇಲುಗಂಟೆ, ಬಂದ ಕೂಲಿ, ಬಾಕಿ ಎಲ್ಲವೂ ಎಸ್‌ಕ್ಯೂಲೈಟಿನಲ್ಲಿ ಕೂಡಿಡಲ್ಪಡುತ್ತದೆ. ಸದ್ಯ 12 ಮಂದಿಯ ಲೆಕ್ಕ ಸೇರಿದೆ. ಉಳಿದವರು ಸೋಮವಾರ ರಾತ್ರಿ 10ರ ನಂತರ ಬಂದು ತಮ್ಮ ಗಂಟೆಗಳನ್ನು ಬರೆಯಿಸಬೇಕು. ಚೀಟಿಯಲ್ಲಿ ಗುರುತು ಮಾಡಿಕೊಂಡು ಬಂದರೆ ಕೆಲಸ ಬೇಗ ಆಗುತ್ತದೆ.